ಕೆಂಪು ಷೂ ಹಿಡಿದ ಹುಡುಗಿ

ದೈತ್ಯ ಯಂತ್ರಗಳು ಕಾದಾಡುವ ಸಿನಿಮಾ ಎಂದರೆ ನನ್ನ ವಯಸ್ಸಿನ ಹೆಂಗಸರು ಮೂಗು ಮುರಿಯುತ್ತಾರೆ. ನಮ್ಮ ಸ್ಟಾಫ್ ರೂಮಿನಲ್ಲಂತೂ ಅದು ಗಂಡುಹುಡುಗರ ಖಾತೆಗೆ ಸೇರಿದ ಸಂಗತಿ. ಆದರೂ ‘ಪೆಸಿಫಿಕ್ ರಿಮ್’ ಎಂಬ ಚಿತ್ರವನ್ನು ನಾನು ಮೂರು ಸಲ ನೋಡಿದ್ದೇನೆ. ಒಂದು ಸಲ ಎಂಟನೇ ತರಗತಿಯ ಮಕ್ಕಳ ಕಾಟಕ್ಕೆ, ಉಳಿದೆರಡು ಸಲ ನನ್ನ ಸ್ವಂತ ಸುಖಕ್ಕೆ. ಅದು ಬಂದದ್ದು 2013ರಲ್ಲಿ, ನಿರ್ದೇಶಕ ಮೆಕ್ಸಿಕೋ ದೇಶದ ಗಿಯೆರ್ಮೋ ಡೆಲ್ ಟೋರೋ. ಆ ಕಾಲಕ್ಕೆ ಇಂಥ ಚಿತ್ರಗಳಿಗೆ ಕನ್ನಡದಲ್ಲಿ ಮಾತಾಡುವ ಯೋಗವಿರಲಿಲ್ಲ. ನಮ್ಮ ಮಕ್ಕಳು ಅರ್ಧ ಕಿವಿಯಲ್ಲಿ, ಅರ್ಧ ಕಣ್ಣಿನಲ್ಲಿ ಅರ್ಥ ಮಾಡಿಕೊಂಡವರು.

ಕತೆ ಸರಳ. ಪೆಸಿಫಿಕ್ ಸಾಗರದ ತಳದಲ್ಲೊಂದು ಬಿರುಕು. ಅದು ಬೇರೊಂದು ಲೋಕದ ಬಾಗಿಲು. ಅಲ್ಲಿಂದ ಗುಡ್ಡದಂಥ ಮೃಗಗಳು ಎದ್ದು ಬಂದು ಊರುಗಳನ್ನು ತುಳಿಯುತ್ತವೆ. ಮೃಗಕ್ಕೆ ಜಪಾನೀ ಹೆಸರು, ಕೈಜು. ಎದುರಿಸಲು ಕಟ್ಟಿದ ಯಂತ್ರಕ್ಕೆ ಜರ್ಮನ್ ಹೆಸರು, ಯೇಗರ್, ಅಂದರೆ ಬೇಟೆಗಾರ. ಕೆಲವು ವರ್ಷಗಳಲ್ಲಿ ಸರ್ಕಾರಗಳು ಯಂತ್ರಕ್ಕೆ ದುಡ್ಡು ನಿಲ್ಲಿಸಿ ಕಡಲಿನ ಅಂಚಿಗೆ ಗೋಡೆ ಕಟ್ಟಿಸುತ್ತವೆ. ಸಿಡ್ನಿಯ ಗೋಡೆಯನ್ನು ಮೃಗವೊಂದು ಒಡೆದುಕೊಂಡು ಬರುತ್ತದೆ. (ಕಾಂಟ್ರಾಕ್ಟರು ಯಾರೆಂದು ಚಿತ್ರ ಹೇಳುವುದಿಲ್ಲ.)

ನಮ್ಮ ವಿಜ್ಞಾನದ ಮೇಷ್ಟರು ಇದನ್ನು ಒಪ್ಪುವುದಿಲ್ಲ. ನಾಯಕನ ಯಂತ್ರ ‘ಜಿಪ್ಸಿ ಡೇಂಜರ್’ನ ಎತ್ತರ 260 ಅಡಿ, ತೂಕ 1,980 ಟನ್ ಎಂದು ಚಿತ್ರದವರೇ ಪ್ರಕಟಿಸಿದ್ದರು. ಮೇಷ್ಟರು ಬೋರ್ಡಿನ ಮೇಲೆ ಲೆಕ್ಕ ಹಾಕಿ ತೋರಿಸಿದರು: ಎತ್ತರ ಎರಡು ಪಾಲಾದರೆ ತೂಕ ಎಂಟು ಪಾಲು, ಆರಡಿಯ ಮನುಷ್ಯನನ್ನೇ ಇದೇ ಅಳತೆಗೆ ಹಿಗ್ಗಿಸಿದರೆ ಆರು ಸಾವಿರ ಟನ್ನಿನ ಹತ್ತಿರ ತೂಗುತ್ತಾನೆ. ಮನುಷ್ಯನ ಮೈ ಹೆಚ್ಚುಕಡಿಮೆ ನೀರಿನಷ್ಟೇ ಭಾರ. ಅದರ ಮೂರನೇ ಒಂದು ಪಾಲು ತೂಗುವ ಈ ಲೋಹವೀರ ಸಮುದ್ರದಲ್ಲಿ ನಡೆಯುವುದಿರಲಿ, ಬೆಂಡಿನಂತೆ ತೇಲಬೇಕು! ಲೆಕ್ಕ ಸರಿಯೇ. ಆದರೆ ತೆರೆಯ ಮೇಲೆ ಆ ಯಂತ್ರ ಕಾಲೆತ್ತಿ ಇಟ್ಟಾಗ ತೂಕ ನಮ್ಮ ಎದೆಗೆ ತಾಗುತ್ತದೆ. 2007ರ ‘ಟ್ರಾನ್ಸ್‌ಫಾರ್ಮರ್ಸ್’ನಲ್ಲೂ ಚಮತ್ಕಾರ ಮಾಡಿದ್ದು ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಸಂಸ್ಥೆಯೇ. ಅಲ್ಲಿ ಪಾತ್ರೆ ಅಂಗಡಿಯ ಅಟ್ಟ ಕುಸಿದಂತೆ ಸದ್ದು. ಯಾರು ಯಾರಿಗೆ ಹೊಡೆದರೆಂದು ತಿಳಿಯುವಷ್ಟರಲ್ಲಿ ಇನ್ನೊಬ್ಬ ಬಿದ್ದಿರುತ್ತಾನೆ. ಇಲ್ಲಿ ಮಳೆ, ಅಲೆ, ನಿಧಾನ. ಹಾಂಗ್‌ಕಾಂಗ್ ಕಾಳಗದಲ್ಲಿ ಯಂತ್ರದ ಮುಷ್ಟಿ ಒಂದು ಆಫೀಸು ಕಟ್ಟಡವನ್ನು ಸೀಳಿಕೊಂಡು ಹೋಗಿ, ಕೊನೆಗೆ ಮೇಜಿನ ಮೇಲೆ ತೂಗುಹಾಕಿದ ಪುಟ್ಟ ಗುಂಡುಗಳ ಆಟಿಕೆಯನ್ನು ಮೆಲ್ಲಗೆ ತಟ್ಟಿ ನಿಲ್ಲುತ್ತದೆ. ಗುಂಡುಗಳು ಟಿಕ್ ಟಿಕ್ ಎಂದು ಆಡತೊಡಗುತ್ತವೆ. ದೊಡ್ಡದು ಎಷ್ಟು ದೊಡ್ಡದೆಂದು ತೋರಿಸಲು ಸಣ್ಣದೊಂದು ಬೇಕು ಎಂಬ ತಿಳಿವಳಿಕೆ ಈ ನಿರ್ದೇಶಕನಿಗಿದೆ.

ಆದರೆ ನಾನು ಮತ್ತೆ ಮತ್ತೆ ನೋಡಿದ್ದು ಇದಕ್ಕಲ್ಲ. ಈ ಯಂತ್ರವನ್ನು ಒಬ್ಬರೇ ನಡೆಸಲಾಗದು, ಮಿದುಳಿಗೆ ಭಾರ ತಡೆಯದು. ಇಬ್ಬರು ಪಕ್ಕಪಕ್ಕ ನಿಂತು, ಒಬ್ಬರ ನೆನಪು ಇನ್ನೊಬ್ಬರಿಗೆ ಹರಿದು, ಒಂದೇ ಮನಸ್ಸಾಗಿ ಕೈಕಾಲು ಆಡಿಸಬೇಕು. ನನಗೆ ಅಜ್ಜಿ ಮತ್ತು ದೊಡ್ಡಮ್ಮ ನೆನಪಾದರು. ಬೀಸುಕಲ್ಲಿನ ಒಂದೇ ಗೂಟಕ್ಕೆ ಇಬ್ಬರೂ ಕೈಹಾಕಿ ರಾಗಿ ಬೀಸುತ್ತಿದ್ದರು. ಒಬ್ಬರು ಎಳೆದು ಒಬ್ಬರು ತಡೆದರೆ ಕಲ್ಲು ಮುಷ್ಕರ ಹೂಡುತ್ತಿತ್ತು. ಬೇರೆ ಹೊತ್ತಿನಲ್ಲಿ ಹೇಳಲಾರದ ಮನೆಯ ಸಂಕಟ ಹಾಡಾಗಿ ಹೊರಬರುತ್ತಿದ್ದುದೂ ಆ ಕಲ್ಲಿನ ಮುಂದೆಯೇ. ನಮಗೆ ಗೊತ್ತಿದ್ದ ಈ ಸಂಗತಿಯನ್ನು ಹಾಲಿವುಡ್ಡಿನವರು ಹತ್ತೊಂಬತ್ತು ಕೋಟಿ ಡಾಲರ್ ಸುರಿದು ಹೇಳಿದ್ದಾರೆ. ಚೆನ್ನಾಗಿಯೇ ಹೇಳಿದ್ದಾರೆ.

ಮಾಕೋ ಮೋರಿ ಎಂಬ ಜಪಾನೀ ಹುಡುಗಿ ನಾಯಕನ ಜೋಡಿಯಾಗಿ ಯಂತ್ರಕ್ಕೆ ಏರುತ್ತಾಳೆ. ನಟಿ ರಿಂಕೋ ಕಿಕುಚಿ. ಮೊದಲ ಪರೀಕ್ಷೆಯಲ್ಲೇ ಆಕೆ ತನ್ನ ಬಾಲ್ಯದ ನೆನಪಿಗೆ ಜಾರಿಬೀಳುತ್ತಾಳೆ. ಬೂದಿ ಉದುರುವ ಟೋಕಿಯೋ ಬೀದಿ. ನೀಲಿ ಕೋಟಿನ ಪುಟ್ಟ ಹುಡುಗಿ, ಕೈಯಲ್ಲಿ ಒಂದು ಕೆಂಪು ಷೂ, ಅಳುತ್ತ ಒಬ್ಬಳೇ ನಡೆಯುತ್ತಿದ್ದಾಳೆ. ಹಿಂದೆ ಏಡಿಯಂಥ ಮೃಗ. ಮಾನಾ ಅಶಿದಾ ಎಂಬ ಆ ಬಾಲನಟಿಯ ಅಳು ನಟನೆಯೆಂದು ನಂಬುವುದೇ ಕಷ್ಟ. ಇಡೀ ಚಿತ್ರದ ಗದ್ದಲವೆಲ್ಲ ಒಂದು ತೂಕ, ಈ ಕೆಲವು ನಿಮಿಷ ಒಂದು ತೂಕ.

ಆ ಮಗುವನ್ನು ಉಳಿಸಿ ಸಾಕಿದವನು ಸೇನಾಧಿಪತಿ ಪೆಂಟಕಾಸ್ಟ್. ದೊಡ್ಡವಳಾದ ಮಾಕೋ ಅಭ್ಯಾಸದ 51 ಕಾಳಗಗಳಲ್ಲಿ 51ನ್ನೂ ಗೆದ್ದಿದ್ದಾಳೆ. ಅಂದರೆ ನೂರಕ್ಕೆ ನೂರು ಅಂಕ. ಆದರೂ ಅವನು ಕಳಿಸಲೊಲ್ಲ. ದ್ವೇಷದಿಂದಲ್ಲ, ಮಮತೆಯಿಂದ. ಇಂಥ ಅಪ್ಪಂದಿರು ನನಗೆ ಚೆನ್ನಾಗಿ ಗೊತ್ತು. ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಗೇ ಮೊದಲು ಬಂದ ಮಗಳನ್ನು ಪಕ್ಕದ ಊರಿನ ಕಾಲೇಜಿಗೆ ಕಳಿಸಲು ಹಿಂದೆಮುಂದೆ ನೋಡುತ್ತ, ‘ಟೀಚರ್, ಬಸ್ಸಿನಲ್ಲಿ ಒಬ್ಬಳೇ ಹೋಗಬೇಕಲ್ಲ’ ಎಂದು ನನ್ನೆದುರು ಕಣ್ಣು ತುಂಬಿಕೊಂಡವರನ್ನು ಕಂಡಿದ್ದೇನೆ. ಅವರನ್ನು ಬೈಯಲೂ ಬಾರದು. ಆದ್ದರಿಂದಲೇ ಪೆಂಟಕಾಸ್ಟ್ ಆ ಕೆಂಪು ಷೂವನ್ನು ಅವಳ ಕೈಗಿತ್ತು ಯಂತ್ರ ನಡೆಸಲು ಒಪ್ಪುವ ಗಳಿಗೆ ನನ್ನ ಗಂಟಲು ಕಟ್ಟಿಸಿತು. ಮುಂದೆ ಮೃಗವೊಂದು ರೆಕ್ಕೆ ಬಿಚ್ಚಿ ಇವರನ್ನು ಆಕಾಶಕ್ಕೆ ಎತ್ತಿಕೊಂಡು ಹೋದಾಗ, ಖಡ್ಗ ಹೊರತೆಗೆದು ಅದನ್ನು ಸೀಳುವವಳು ಮಾಕೋ.

ಇಷ್ಟು ಕೊಟ್ಟವರು ಕೊನೆಯಲ್ಲಿ ಕೈ ಹಿಂದೆಳೆದರು. ಸಮುದ್ರದ ತಳದ ಬಾಗಿಲನ್ನು ಮುಚ್ಚುವ ಹೊತ್ತಿಗೆ ಅವಳಿಗೆ ಆಮ್ಲಜನಕ ಮುಗಿಯುತ್ತದೆ, ಪ್ರಜ್ಞೆ ತಪ್ಪುತ್ತದೆ. ನಾಯಕ ತನ್ನದನ್ನು ಕೊಟ್ಟು, ಅವಳನ್ನು ಪೆಟ್ಟಿಗೆಯಲ್ಲಿ ಮೇಲಕ್ಕೆ ತೇಲಿಬಿಟ್ಟು, ಲೋಕವನ್ನು ಒಬ್ಬನೇ ಉಳಿಸುತ್ತಾನೆ. ಇಬ್ಬರಿಲ್ಲದೆ ಆಗದು ಎಂದು ಎರಡು ಗಂಟೆ ಪಾಠ ಹೇಳಿ, ಪರೀಕ್ಷೆಯಲ್ಲಿ ತಾನೇ ತಪ್ಪು ಉತ್ತರ ಬರೆದಂತಾಯಿತು. ರಷ್ಯದ ಜೋಡಿಗೂ ಚೀನಾದ ಮೂವರು ಸೋದರರಿಗೂ ಆದದ್ದು ಇನ್ನೂ ಕಡೆ, ಅವರು ನಾಲ್ಕು ಮಾತಾಡುವ ಮೊದಲೇ ಸಾಯುತ್ತಾರೆ. ಕತೆಯಲ್ಲಿ ಹೆಣ್ಣಿಗೆ ತನ್ನದೇ ದಾರಿ ಇದೆಯೇ ಎಂದು ಅಳೆಯಲು ಈ ಚಿತ್ರ ಮೆಚ್ಚಿದವರು ‘ಮಾಕೋ ಮೋರಿ ಪರೀಕ್ಷೆ’ ಎಂದೇ ಒಂದನ್ನು ಮಾಡಿಕೊಂಡಿದ್ದಾರೆ. ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದ ನಾನು ಚಿತ್ರವನ್ನು ಪಾಸು ಮಾಡುತ್ತೇನೆ. ಮೊದಲ ದರ್ಜೆ ಕೊಡಲಾರೆ.

2018ರಲ್ಲಿ ಬೇರೆ ನಿರ್ದೇಶಕರ ಕೈಯಲ್ಲಿ ಇದರ ಎರಡನೆಯ ಭಾಗ ಬಂತು. ಅದರಲ್ಲಿ ಮಾಕೋ ದೊಡ್ಡ ಹುದ್ದೆಗೆ ಏರಿದ್ದಾಳೆ. ಆದರೆ ಕತೆ ಕಾವೇರುವ ಮೊದಲೇ ಹೆಲಿಕಾಪ್ಟರ್ ಬಿದ್ದು ಸಾಯುತ್ತಾಳೆ, ಪೆಂಟಕಾಸ್ಟನ ಸ್ವಂತ ಮಗನಿಗೆ ರೋಷ ಬರಲಿ ಎಂದು. ‘ಆ ಷೂ ಹುಡುಗಿ ಇದರಲ್ಲೂ ಇದ್ದಾಳಾ ಟೀಚರ್?’ ಎಂದು ಕೇಳುವ ಹುಡುಗಿಯರಿಗೆ ನಾನು, ಮೊದಲನೆಯದನ್ನೇ ಇನ್ನೊಮ್ಮೆ ನೋಡ್ರಮ್ಮಾ ಎನ್ನುತ್ತೇನೆ.