ಗಾಳಿಗಲ್ಲಿನ ದಾರಿಯ ಕುರುಚಲು

ಆದಿಚುಂಚನಗಿರಿಗೆ ಬಂದವರು ಕಾಲಭೈರವೇಶ್ವರನಿಗೆ ಕೈಮುಗಿದು, ಬೆಟ್ಟದ ಮೇಲಿನ ಗಾಳಿಗಲ್ಲು ಹತ್ತುವ ಆತುರದಲ್ಲಿರುತ್ತಾರೆ. ಪಕ್ಕದ ಪೊದೆಗಳತ್ತ ಕಣ್ಣು ಹೋದರೂ ‘ಬರೀ ಕುರುಚಲು’ ಎಂದು ಮುಂದೆ ಸಾಗುತ್ತಾರೆ. ಈ ಬೆಟ್ಟದ ನಿಜವಾದ ಸಿರಿ ಆ ಕುರುಚಲೇ.

ಬೆಟ್ಟವಿರುವ ನಾಗಮಂಗಲದ ಸೀಮೆ ಮಳೆಗೆ ಬಡವಿ. ಬಂಡೆಯ ಸಂದಿನಲ್ಲಿ ಬೊಗಸೆ ಮಣ್ಣಿದ್ದರೆ ಅದೇ ಹೆಚ್ಚು. ಇಂಥ ಕಲ್ಲುಗುಡ್ಡಗಳಲ್ಲಿ ಬದುಕುವ ಗಿಡಗಳ ಜಾತಿಯೇ ಬೇರೆ: ಕಾರೆ, ಕವಳೆ, ಜಾಲಿ, ಕಳ್ಳಿ, ಬಂದರಿಕೆ. ಬಂದರಿಕೆಯ ಎಲೆ ಮುಟ್ಟಿದರೆ ಬೆರಳಿಗೆ ತುಸು ಅಂಟು. ಆ ಅಂಟಿನ ಲೇಪ ಎಲೆಯ ನೀರು ಆರದಂತೆ ಕಾಯುತ್ತದೆ. ಆಡು ಬಾಯಿ ಹಾಕುವುದೂ ಅಪರೂಪ.

ತಂಗಡಿ ಗಿಡದ ಮುಂದೆ ಮಾತ್ರ ನಿಂತು ನೋಡಬೇಕು. ಹಳದಿ ಹೂವಿನಲ್ಲಿ ಮಕರಂದವಿಲ್ಲ, ಇರುವುದು ಪರಾಗ ಮಾತ್ರ. ಅದೂ ಕೇಸರಗಳ ತುದಿಯ ಸಣ್ಣ ರಂಧ್ರದೊಳಗೆ ಭದ್ರ. ದಪ್ಪನೆಯ ಕಪ್ಪು ದುಂಬಿ ಬಂದು ಹೂವನ್ನು ತಬ್ಬಿ, ರೆಕ್ಕೆ ಅಲುಗಿಸದೆಯೇ ಮೈ ನಡುಗಿಸುತ್ತದೆ. ಗುಂಯ್ ಎಂಬ ಸದ್ದು ಒಮ್ಮೆಲೇ ಏರುತ್ತದೆ. ಆ ಅದುರಿಗೆ ರಂಧ್ರದಿಂದ ಪರಾಗ ಚಿಮ್ಮಿ ದುಂಬಿಯ ಹೊಟ್ಟೆಯೆಲ್ಲ ಹಳದಿ. ಇದೇ ತಂಗಡಿಯ ತೊಗಟೆಯಿಂದ ಹಿಂದೆ ಚರ್ಮ ಹದ ಮಾಡುತ್ತಿದ್ದರು.

ಈ ಕುರುಚಲು ನವಿಲಿಗೂ ಆಸರೆ. ಇಲ್ಲಿನ ನವಿಲುಧಾಮ ಘೋಷಣೆಯಾದದ್ದು 1981ರಲ್ಲಿ, ವಿಸ್ತೀರ್ಣ 0.84 ಚದರ ಕಿಲೋಮೀಟರ್, ಅಷ್ಟೇ. ನವಿಲು ರಾತ್ರಿ ಮಲಗಲು ಮರ ಏರುತ್ತದೆ, ನಿಜ. ಮೊಟ್ಟೆ ಇಡುವುದು ಮಾತ್ರ ಪೊದೆಯ ಮರೆಯಲ್ಲಿ, ನೆಲ ಕೆರೆದು ಮಾಡಿದ ಗುಳಿಯಲ್ಲಿ. ಗಂಡು ಗರಿಗೆದರಿ ಕುಣಿಯುವುದಕ್ಕೆ ಬಯಲು ಬೇಕು. ಮುಳ್ಳಿನ ಮರೆಯೂ ಬಯಲೂ ಒಟ್ಟಿಗೆ ಸಿಗುವುದು ಕುರುಚಲು ಕಾಡಿನಲ್ಲೇ.

ಆದ್ದರಿಂದ ‘ಬೆಟ್ಟ ಬೋಳಾಗಿದೆ, ಸಸಿ ನೆಡೋಣ’ ಎಂದು ಉತ್ಸಾಹದಿಂದ ಹೊರಡುವವರಲ್ಲಿ ನನ್ನದೊಂದು ವಿನಂತಿ. ನರ್ಸರಿಯಿಂದ ಕಂಡಕಂಡ ಮರ ತಂದು ಈ ಬಂಡೆಗಳ ನಡುವೆ ಗುಂಡಿ ತೋಡಬೇಡಿ. ಕೈಗೆ ಕೆಲಸ ಬೇಕಿದ್ದರೆ ಕೀಳಲು ಲಂಟಾನ ಇದೆ. ಚೆಂದದ ಹೂವಿಗೆಂದು 19ನೇ ಶತಮಾನದಲ್ಲಿ ಹೊರನಾಡಿನಿಂದ ನಮ್ಮ ದೇಶಕ್ಕೆ ತಂದ ಗಿಡ ಅದು. ಹಣ್ಣು ತಿಂದ ಹಕ್ಕಿಗಳು ಬೀಜವನ್ನು ಗುಡ್ಡಗುಡ್ಡಕ್ಕೂ ಹರಡಿದವು. ಮಚ್ಚಿನಿಂದ ಮೇಲೆ ಸವರಿದರೆ ಇನ್ನಷ್ಟು ದಟ್ಟವಾಗಿ ಚಿಗುರುತ್ತದೆ. ಅರಣ್ಯ ಇಲಾಖೆಯ ಒಪ್ಪಿಗೆ ಪಡೆದು, ಹೂ ಬಿಡುವ ಮೊದಲೇ, ಮಣ್ಣಿನೊಳಗಿನ ಬೇರಿನ ಗಂಟಿನ ಕೆಳಗೇ ಗುದ್ದಲಿ ಇಕ್ಕಿ ಕಿತ್ತು ತಲೆಕೆಳಗಾಗಿ ಒಣಹಾಕಬೇಕು. ಮರುವರ್ಷವೂ ಬಂದು ಮೊಳಕೆ ಕೀಳಬೇಕು. ಖಾಲಿಯಾದ ಜಾಗಕ್ಕೆ ಏನನ್ನೂ ನೆಡುವುದು ಬೇಡ. ಸುತ್ತಲಿನ ತಂಗಡಿ, ಬಂದರಿಕೆಗಳ ಬೀಜ ತಾನಾಗಿಯೇ ಬೀಳುತ್ತದೆ.