ಒಂಬತ್ತು ಎಂದರೆ ಯಾವ ಒಂಬತ್ತು?

ಫೋಲ್ಡರಿನಲ್ಲಿ ಎಷ್ಟು ಫೈಲುಗಳಿವೆ ಎಂದು ಕೇಳಿದರೆ ಪೈಥಾನ್ ಕಲಿತವರು ಥಟ್ಟನೆ ಬರೆಯುವ ಸಾಲೊಂದಿದೆ: ‘ಲಿಸ್ಟ್‌ಡಿರ್’ ಕೊಟ್ಟ ಪಟ್ಟಿಯನ್ನು ‘ಲೆನ್’ನಿಂದ ಎಣಿಸುವುದು. ಚಿಕ್ಕ ಸಾಲು, ಓದಲು ಚೆಂದ. ಆದರೆ ಜನರ ಕಾಗದಪತ್ರ ಇರುವ ಕಡೆ ಇದನ್ನು ಬಳಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಸಿಂಧನೂರಿನ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳನ್ನು ನೋಡಿ. ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಬಂಗಾಳಿ ಕುಟುಂಬಗಳು ತುಂಗಭದ್ರಾ ಎಡದಂಡೆ ಕಾಲುವೆಯ ಈ ಸೀಮೆಯಲ್ಲಿ ನೆಲೆಯೂರಿದವು. ಗಡಿ ದಾಟಿದಾಗ ಕೊಟ್ಟ ಬಾರ್ಡರ್ ಸ್ಲಿಪ್, ಜಮೀನು ಮಂಜೂರಾತಿ ಪತ್ರ, ಪಹಣಿ, ರೇಷನ್ ಕಾರ್ಡು – ಇಂಥ ಒಂದೊಂದು ಹಾಳೆಗೂ ಇಲ್ಲಿ ಬೆಲೆಯಿದೆ. ಪೌರತ್ವ ತಿದ್ದುಪಡಿ ಕಾಯ್ದೆಯ ನಿಯಮಗಳು 2024ರ ಮಾರ್ಚ್ 11ರಂದು ಪ್ರಕಟವಾದ ಮೇಲೆ ಅದರಡಿಯ ಅರ್ಜಿಯೂ ಆನ್‌ಲೈನ್ ಆಯಿತು. 2014ರ ಡಿಸೆಂಬರ್ 31ರೊಳಗೆ ಭಾರತಕ್ಕೆ ಬಂದದ್ದನ್ನು ತೋರಿಸುವ ದಾಖಲೆಯನ್ನು ಸ್ಕ್ಯಾನ್ ಮಾಡಿ ಅಪ್‌ಲೋಡ್ ಮಾಡಬೇಕು.

ಒಂದು ಮನೆಯವರು ಒಂಬತ್ತು ದಾಖಲೆ ಕೊಟ್ಟಿದ್ದಾರೆ ಎಂದುಕೊಳ್ಳೋಣ. ಕೋಡ್ ಓಡಿಸಿದರೆ 9 ಎಂದೇ ಬರುತ್ತದೆ. ಫೋಲ್ಡರ್ ತೆರೆದು ನೋಡಿದರೆ ಚೆನ್ನಾಗಿ ಬಂದ ಸ್ಕ್ಯಾನುಗಳು ಐದು. ರೇಷನ್ ಕಾರ್ಡಿನ ಇನ್ನೊಂದು ಪ್ರತಿ, ಹೆಸರಿನ ಕೊನೆಗೆ ‘(1)’ ಅಂಟಿಸಿಕೊಂಡು ಕೂತಿದೆ. ವಿಂಡೋಸ್ ತಾನಾಗಿ ಮಾಡಿ ಬಚ್ಚಿಟ್ಟ ‘ಥಂಬ್ಸ್.ಡಿಬಿ’ ಒಂದು. ‘ಹಳೆಯದು’ ಎಂಬ ಒಳ ಫೋಲ್ಡರ್ ಒಂದು. ಅದರೊಳಗೆ ಮೂರು ಸ್ಕ್ಯಾನುಗಳಿದ್ದರೂ ಎಣಿಕೆಗೆ ಸಿಕ್ಕಿರುವುದು ಆ ಫೋಲ್ಡರ್ ಮಾತ್ರ. ಕೊನೆಯದು ಬಾರ್ಡರ್ ಸ್ಲಿಪ್ಪಿನ ಪಿಡಿಎಫ್, ಅದರ ಗಾತ್ರ ಸೊನ್ನೆ ಬೈಟ್. ಕಾಪಿ ಆಗುವಾಗ ಪೆನ್‌ಡ್ರೈವ್ ಕಿತ್ತಿರಬೇಕು. ಮೂರು ಕಡೆ ತಪ್ಪಿದರೂ ಮೊತ್ತ ಸರಿಹೋಯಿತು, ಯಾರಿಗೂ ಅನುಮಾನ ಬರಲಿಲ್ಲ. ಎಂಟೋ ಹನ್ನೊಂದೋ ಬಂದಿದ್ದರೆ ಯಾರಾದರೂ ತೆರೆದು ನೋಡುತ್ತಿದ್ದರು.

‘ಲಿಸ್ಟ್‌ಡಿರ್’ ಮೋಸ ಮಾಡುತ್ತಿಲ್ಲ, ಫೋಲ್ಡರಿನಲ್ಲಿರುವ ಹೆಸರುಗಳನ್ನು ಕೊಡುವುದಷ್ಟೇ ಅದರ ಕೆಲಸ. ಅದನ್ನೇ ದಾಖಲೆಗಳ ಲೆಕ್ಕ ಎಂದು ಒಪ್ಪಿಕೊಂಡದ್ದು ನಮ್ಮ ತಪ್ಪು. ಎಣಿಸುವ ಸಾಧನ ಬದಲಾದರೆ ಲೆಕ್ಕವೂ ಬದಲಾಗುತ್ತದೆ. ಪವರ್‌ಶೆಲ್‌ನಲ್ಲಿ ‘ಫೋರ್ಸ್’ ಎನ್ನದಿದ್ದರೆ ಮರೆಯಾಗಿರುವ ಫೈಲುಗಳು ಲೆಕ್ಕಕ್ಕೆ ಬರುವುದಿಲ್ಲ. ಲಿನಕ್ಸ್‌ನಲ್ಲಿ ಸಣ್ಣಕ್ಷರದ ‘ಜೆಪಿಜಿ’ ಹುಡುಕಿದರೆ ದೊಡ್ಡಕ್ಷರದ್ದು ಜಾರಿಕೊಳ್ಳುತ್ತದೆ. ಹೀಗೆ ಒಂದೇ ಫೋಲ್ಡರಿಗೆ ಎರಡು ಕಂಪ್ಯೂಟರಿನಲ್ಲಿ ಎರಡು ಉತ್ತರ!

2015ರಲ್ಲಿ ಪೈಥಾನ್ 3.5ರೊಂದಿಗೆ ಬಂದ ‘ಸ್ಕ್ಯಾನ್‌ಡಿರ್’ ‘ಲಿಸ್ಟ್‌ಡಿರ್’ಗಿಂತ ಎಷ್ಟೋ ಮೇಲು. ಹೆಸರಿನ ಜೊತೆಗೇ ಇದು ಫೈಲೋ ಫೋಲ್ಡರೋ ಎಂಬ ಮಾಹಿತಿಯನ್ನೂ ತರುತ್ತದೆ. ಸಾವಿರಗಟ್ಟಲೆ ಫೈಲುಗಳಿದ್ದರೆ ವೇಗದ ಲಾಭವೂ ಇದೆ. ಒಳ ಫೋಲ್ಡರುಗಳಿಗೆ ‘ವಾಕ್’ ಬೇಕು. ತದ್ರೂಪಿ ಪ್ರತಿಗಳನ್ನು ಹ್ಯಾಶ್, ಅಂದರೆ ಫೈಲಿನ ಒಳಗಿರುವುದರಿಂದ ಲೆಕ್ಕಹಾಕಿದ ಗುರುತು, ಹಿಡಿಯುತ್ತದೆ. ಆದರೆ ವಾಟ್ಸಾಪಿನಲ್ಲಿ ಫೋಟೋ ಆಗಿ ಬಂದ ಪ್ರತಿ ಕುಗ್ಗಿರುತ್ತದೆ, ಹ್ಯಾಶ್ ಬದಲಾಗಿರುತ್ತದೆ. ಅಲ್ಲಿ ಮನುಷ್ಯನೇ ಕೂತು ನೋಡಬೇಕು, ಬೇರೆ ದಾರಿ ನನಗೆ ಕಂಡಿಲ್ಲ.

ಕಂದಾಯ ಇಲಾಖೆಯ ‘ಭೂ ಸುರಕ್ಷಾ’ ಯೋಜನೆಯಲ್ಲಿ ತಾಲೂಕು ಕಚೇರಿಗಳ ಹಳೆಯ ಭೂದಾಖಲೆಗಳು ಸ್ಕ್ಯಾನ್ ಆಗುತ್ತಿವೆ. ಅಷ್ಟು ದೊಡ್ಡ ಕೆಲಸದಲ್ಲಿ ಈ ಪ್ರಶ್ನೆ ಇನ್ನೂ ತೂಕದ್ದು, ಏಕೆಂದರೆ ಒಂದು ಪಿಡಿಎಫ್‌ನಲ್ಲಿ ಒಂದು ಪುಟವೂ ಇರಬಹುದು, ನೂರು ಪುಟವೂ ಇರಬಹುದು. ಫೈಲಿನ ಲೆಕ್ಕದಿಂದ ಕಳೆದುಹೋದ ಪುಟ ಗೊತ್ತಾಗುವುದಿಲ್ಲ.

ಕ್ಯಾಂಪಿನ ಆ ಮನೆಯ ಫೋಲ್ಡರಿಗೆ ಒಳ್ಳೆಯ ಕೋಡ್ 9 ಎಂದು ಹೇಳಿ ಸುಮ್ಮನಾಗುವುದಿಲ್ಲ. ಎಣಿಸಿದ್ದು ಎಂಟು, ಬಿಟ್ಟದ್ದು ಎರಡು, ಅವುಗಳ ಹೆಸರು ಇವು, ಬಾರ್ಡರ್ ಸ್ಲಿಪ್ ಖಾಲಿ, ಮತ್ತೆ ಸ್ಕ್ಯಾನ್ ಮಾಡಿ ಎಂದು ಬರೆದು ತೋರಿಸುತ್ತದೆ. ಇದಕ್ಕೆ ಇಪ್ಪತ್ತು ಸಾಲು ಹಿಡಿದರೂ ಹಿಡಿಯಲಿ.