ನಿಮಿಷಕ್ಕೆ ಎಷ್ಟು ಪದ? ಕನ್ನಡದ ಆರಂಭಿಕ ಓದನ್ನು ಅಳೆಯುವ ಏಕಮಾನದ ವಿಮರ್ಶೆ

2021ರ ಜುಲೈನಲ್ಲಿ ಆರಂಭವಾದ ನಿಪುಣ್ ಭಾರತ್ ಯೋಜನೆಯು ಬುನಾದಿ ಹಂತದ ಓದಿಗೆ ಸ್ಪಷ್ಟ ಗುರಿಗಳನ್ನು ನಿಗದಿಪಡಿಸಿತು. ಎರಡನೆಯ ತರಗತಿಯ ಕೊನೆಗೆ ಮಗು ನಿಮಿಷಕ್ಕೆ 45ರಿಂದ 60 ಪದಗಳನ್ನು, ಮೂರನೆಯ ತರಗತಿಯ ಕೊನೆಗೆ ಕನಿಷ್ಠ 60 ಪದಗಳನ್ನು ಅರ್ಥಸಹಿತ ಓದಬೇಕು. ಗುರಿಯೊಂದು ಇರಬೇಕೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಓದಲು ಬಾರದ ಮಗು ಮೇಲಿನ ತರಗತಿಗಳಿಗೆ ಸದ್ದಿಲ್ಲದೆ ಸರಿದುಹೋಗುವ ಸ್ಥಿತಿಗಿಂತ ಯಾವುದಾದರೊಂದು ಅಳತೆ ಇರುವುದು ಮೇಲು. ಆದರೆ ಆ ಅಳತೆಯ ಏಕಮಾನವಾದ 'ಪದ'ವು ಕನ್ನಡದ ಮಟ್ಟಿಗೆ ಸ್ಥಿರವಾದ ಘಟಕವೇ ಎಂಬ ಪ್ರಶ್ನೆಯನ್ನು ಶಿಕ್ಷಣತಜ್ಞರಿಗಿಂತ ಮೊದಲು ಭಾಷಾವಿಜ್ಞಾನಿಗಳು ಎತ್ತಬೇಕಿತ್ತು. ಈ ಟಿಪ್ಪಣಿಯು ಆ ಪ್ರಶ್ನೆಗೆ ಸೀಮಿತವಾಗಿದೆ.

ಈ ಅಳತೆಯ ಮೂಲ ಇಂಗ್ಲಿಷ್ ಓದಿನಲ್ಲಿದೆ. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಸ್ಟಾನ್ಲಿ ಡೀನೊ ಮತ್ತು ಅವರ ಸಹೋದ್ಯೋಗಿಗಳು ರೂಪಿಸಿದ ಪಠ್ಯಾಧಾರಿತ ಮಾಪನದಲ್ಲಿ, ಒಂದು ನಿಮಿಷದಲ್ಲಿ ಸರಿಯಾಗಿ ಓದಿದ ಪದಗಳ ಎಣಿಕೆಯು ಓದಿನ ಸಾಮರ್ಥ್ಯದ ಸೂಚಕವಾಯಿತು. 2006ರಿಂದೀಚೆಗೆ 'ಈಗ್ರಾ' ಎಂಬ ಹೆಸರಿನ ಪರೀಕ್ಷಾಸಾಧನವು ಈ ಎಣಿಕೆಯನ್ನು ಹಲವು ದೇಶಗಳ ಹಲವು ಭಾಷೆಗಳಿಗೆ ಕೊಂಡೊಯ್ದಿತು. ಇಂಗ್ಲಿಷಿನಲ್ಲಿ ವಿಭಕ್ತಿಯ ಕೆಲಸವನ್ನು ಬಹುಮಟ್ಟಿಗೆ ಬಿಡಿಪದಗಳೇ ಮಾಡುತ್ತವೆ. ಕನ್ನಡದಲ್ಲಿ ಅದೇ ಕೆಲಸವನ್ನು ಪ್ರತ್ಯಯಗಳು ಪದದೊಳಗೆ ನಿರ್ವಹಿಸುತ್ತವೆ. ಆದ್ದರಿಂದ ಎರಡು ಭಾಷೆಗಳ ಪದಸಂಖ್ಯೆಯನ್ನು ನೇರವಾಗಿ ಹೋಲಿಸಲಾಗದು ಎಂಬುದು ಸುಪರಿಚಿತ. 2022ರಲ್ಲಿ ನಡೆದ ರಾಷ್ಟ್ರೀಯ ಬುನಾದಿ ಕಲಿಕಾ ಅಧ್ಯಯನವು 20 ಭಾಷೆಗಳಿಗೆ ಬೇರೆಬೇರೆ ಮಾನದಂಡಗಳನ್ನು ನಿಗದಿಪಡಿಸಿದ್ದು ಈ ತಿಳಿವಳಿಕೆಯ ಫಲ, ಮತ್ತು ಅದು ಸ್ವಾಗತಾರ್ಹ. ಆದರೆ ಅಲ್ಲಿ ಬದಲಾದದ್ದು ಸಂಖ್ಯೆ ಮಾತ್ರ. ಏಕಮಾನ ಹಾಗೆಯೇ ಉಳಿಯಿತು. ಕನ್ನಡದ ತೊಡಕು ಅನ್ಯಭಾಷೆಯೊಡನೆ ಹೋಲಿಸುವಾಗಷ್ಟೇ ಅಲ್ಲದೆ, ಕನ್ನಡದ ಒಳಗೇ ತಲೆದೋರುತ್ತದೆ.

ಈ ಟಿಪ್ಪಣಿಗಾಗಿ ರಚಿಸಿದ ಎರಡು ವಾಕ್ಯಗಳನ್ನು ನೋಡಬಹುದು. 'ಅಂಗಡಿಗೆ ಹೋಗಿ ಬರಬೇಕು ಎಂದು ಅಮ್ಮ ಹೇಳಿದಳು' ಎಂಬಲ್ಲಿ 6 ಪದಗಳಿವೆ. 'ಅಂಗಡಿಗೆ ಹೋಗಿಬರಬೇಕೆಂದು ಅಮ್ಮ ಹೇಳಿದಳು' ಎಂಬಲ್ಲಿ 4 ಪದಗಳಿವೆ. ಅರ್ಥ ಒಂದೇ, ಉಚ್ಚಾರಣೆಯಲ್ಲಿ ಒಂದು ಸಂಧಿಯಷ್ಟು ವ್ಯತ್ಯಾಸ, ಎರಡೂ ಶಿಷ್ಟ ಬರಹದಲ್ಲಿ ಸಾಧು. ಒಂದು ಮಗು ಇವೆರಡರಲ್ಲಿ ಯಾವುದನ್ನೇ ಆದರೂ 8 ಸೆಕೆಂಡುಗಳಲ್ಲಿ ಓದುತ್ತದೆ ಎಂದಿಟ್ಟುಕೊಳ್ಳೋಣ. ಮೊದಲ ರೂಪದಲ್ಲಿ ಅದರ ವೇಗ ನಿಮಿಷಕ್ಕೆ 45 ಪದ, ಎರಡನೆಯದರಲ್ಲಿ 30. ಮೊದಲ ರೂಪವನ್ನು ಓದಿದ ಮಗು ಗುರಿಯ ಹೊಸ್ತಿಲನ್ನು ಮುಟ್ಟುತ್ತದೆ, ಎರಡನೆಯದನ್ನು ಓದಿದ ಅದೇ ಮಗು ಹಿಂದುಳಿದವರ ಪಟ್ಟಿಗೆ ಸೇರುತ್ತದೆ. ಇಲ್ಲಿ ಅಳೆಯಲ್ಪಟ್ಟದ್ದು ಪಠ್ಯ ಸಿದ್ಧಪಡಿಸಿದವರ ಪದವಿಭಜನೆಯ ರೂಢಿ. ಅಕ್ಷರಗಳ ಎಣಿಕೆಯಲ್ಲಿಯಾದರೋ ಮೊದಲನೆಯದು 18, ಎರಡನೆಯದು 17. 'ಬಂದು ಬಿಟ್ಟ' ಮತ್ತು 'ಬಂದುಬಿಟ್ಟ', 'ಓದಿ ಕೊಂಡು' ಮತ್ತು 'ಓದಿಕೊಂಡು' ಮುಂತಾದ ಸಂಯುಕ್ತ ಕ್ರಿಯಾರೂಪಗಳಲ್ಲಿಯೂ ಮುದ್ರಣದ ರೂಢಿ ಏಕರೂಪವಾಗಿಲ್ಲವೆಂಬುದನ್ನು ನೆನೆದರೆ, ಈ ಏರುಪೇರು ಅಪವಾದವೆನಿಸದು.

ಪದಸಂಖ್ಯೆ ಸಮನಾಗಿದ್ದಾಗಲೂ ಸಮಸ್ಯೆ ಮುಗಿಯುವುದಿಲ್ಲ. 'ಮರದ ಮೇಲೆ ಗಿಳಿ ಇದೆ' ಎಂಬ ವಾಕ್ಯದಲ್ಲಿ 4 ಪದ, 9 ಅಕ್ಷರ. ಒತ್ತಕ್ಷರ ಒಂದೂ ಇಲ್ಲ. 'ಅಜ್ಜಿ ರಾತ್ರಿಯಲ್ಲಿ ನಕ್ಷತ್ರಗಳನ್ನು ಎಣಿಸುತ್ತಿದ್ದಳು' ಎಂಬಲ್ಲಿಯೂ 4 ಪದಗಳೇ. ಆದರೆ ಅಕ್ಷರಗಳು 18, ಅವುಗಳಲ್ಲಿ 8 ಒತ್ತಕ್ಷರಗಳು. ಒತ್ತಕ್ಷರದ ಹೊರೆ ಕೇವಲ ಎಣಿಕೆಯದಲ್ಲ. 'ತ್ರಿ' ಎಂಬಲ್ಲಿ ಇಕಾರವು ಮೇಲಿನ 'ತ'ಕಾರಕ್ಕೆ ಅಂಟಿಕೊಂಡಿದ್ದರೂ ಉಚ್ಚಾರಣೆಯಲ್ಲಿ ಕೆಳಗಿನ ರಕಾರದ ನಂತರ ಬರುತ್ತದೆ. 'ಸೂರ್ಯ' ಎಂಬಲ್ಲಿ ಅರ್ಕಾವತ್ತು ಯಕಾರದ ನಂತರ ಕಂಡರೂ ಅದಕ್ಕೆ ಮೊದಲು ಉಚ್ಚರಿತವಾಗುತ್ತದೆ. ಕಣ್ಣು ಕಾಣುವ ಕ್ರಮಕ್ಕೂ ನಾಲಿಗೆ ನುಡಿಯಬೇಕಾದ ಕ್ರಮಕ್ಕೂ ಇರುವ ಈ ಅಂತರವನ್ನು ಮಗು ಪ್ರತಿ ಬಾರಿ ದಾಟಬೇಕು. 34 ವ್ಯಂಜನಗಳಿಗೆ 13 ಸ್ವರಗಳು ಸೇರಿದಾಗ ಒತ್ತಕ್ಷರಗಳನ್ನು ಹೊರತುಪಡಿಸಿಯೇ 442 ರೂಪಗಳಾಗುತ್ತವೆ. ಕನ್ನಡ ಮಕ್ಕಳ ಅಕ್ಷರಜ್ಞಾನದ ಗಳಿಕೆಯು ಇಂಗ್ಲಿಷಿನ ವರ್ಣಮಾಲೆಯ ಕಲಿಕೆಗಿಂತ ದೀರ್ಘಕಾಲ ಮುಂದುವರಿಯುವ ಪ್ರಕ್ರಿಯೆಯೆಂದು ಸೋನಾಲಿ ನಾಗ್ ಅವರ 2007ರ ಅಧ್ಯಯನವು ತೋರಿಸಿದ್ದು ಈ ಹಿನ್ನೆಲೆಯಲ್ಲಿ ಸಹಜವಾಗಿದೆ.

'ಸರಿಯಾಗಿ ಓದಿದ ಪದ' ಎಂಬುದರ 'ಸರಿ'ಯೂ ವಿಮರ್ಶೆಗೆ ಅರ್ಹ. ಪದವು ಏಕಮಾನವಾದಾಗ ತಪ್ಪೂ ಪದದಷ್ಟೇ ದೊಡ್ಡದಾಗುತ್ತದೆ. 'ನಕ್ಷತ್ರಗಳನ್ನು' ಎಂಬ 6 ಅಕ್ಷರಗಳಲ್ಲಿ ಒಂದನ್ನು ಎಡವಿದ ಮಗುವೂ ಆರನ್ನೂ ಓದಲಾರದ ಮಗುವೂ ಸಮಾನವಾಗಿ ಶೂನ್ಯ ಪಡೆಯುತ್ತವೆ. ಶಿಕ್ಷಕರಿಗೆ ಬೇಕಾದ ಮಾಹಿತಿ, ಎಂದರೆ ಮಗು ಎಲ್ಲಿ ತಡೆಯಿತು ಎಂಬುದು, ಎಣಿಕೆಯಲ್ಲಿ ಕರಗಿಹೋಗುತ್ತದೆ. ಇನ್ನು 'ಹಾಲು' ಎಂಬುದನ್ನು 'ಆಲು' ಎಂದೂ 'ಭೂಮಿ'ಯನ್ನು 'ಬೂಮಿ' ಎಂದೂ ಓದುವ ಮಗು ಲಿಪಿಯನ್ನು ಗ್ರಹಿಸಿ ತನ್ನ ಮನೆಮಾತಿನ ಧ್ವನಿವ್ಯವಸ್ಥೆಯಲ್ಲಿ ನುಡಿದಿರಬಹುದು. ಮಹಾಪ್ರಾಣಗಳ ವ್ಯತ್ಯಾಸವು ಬಹುಪಾಲು ಕನ್ನಡಿಗರ ಸಹಜ ಮಾತಿನಲ್ಲಿಲ್ಲ ಎಂಬ ಡಿ. ಎನ್. ಶಂಕರ ಭಟ್ಟರ ವಾದವನ್ನು ಲಿಪಿಸುಧಾರಣೆಯ ಪ್ರಶ್ನೆಯಲ್ಲಿ ಒಪ್ಪದವರೂ ಓದಿನ ಪರೀಕ್ಷೆಯಲ್ಲಿ ಕಡೆಗಣಿಸುವಂತಿಲ್ಲ. ಉಪಭಾಷೆಯ ಉಚ್ಚಾರಣೆಯನ್ನು ಓದಿನ ದೋಷವೆಂದು ದಾಖಲಿಸಿದರೆ, ಪರೀಕ್ಷೆಯು ಮಗುವಿನ ಓದಿನ ಬದಲು ಅದರ ಊರು ಮತ್ತು ಮನೆತನವನ್ನು ಅಳೆದಂತಾಗುತ್ತದೆ.

ಗಮನಾರ್ಹವೆಂದರೆ, ನಮ್ಮ ತರಗತಿಗಳು ಅಕ್ಷರದ ಮಹತ್ವವನ್ನು ಮೊದಲಿನಿಂದಲೂ ಅರಿತಿವೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭಗೊಂಡ ನಲಿಕಲಿ ಪದ್ಧತಿಯು ವರ್ಣಮಾಲೆಯ ಸಾಂಪ್ರದಾಯಿಕ ಕ್ರಮವನ್ನು ಬಿಟ್ಟು 'ರ, ಗ, ಸ, ದ, ಅ' ಎಂಬ ಗುಂಪಿನಿಂದ ತೊಡಗುತ್ತದೆ. ಕೆಲವೇ ಅಕ್ಷರಗಳಿಂದ 'ಸರ', 'ಗರಗಸ', 'ಅರಸ' ಮುಂತಾದ ಪದಗಳು ಒಡನೆಯೇ ಕೈಗೆಟುಕುತ್ತವೆ. ಅಕ್ಷರವನ್ನು ಆಧರಿಸಿ ಕಲಿಸಿ, ಪದವನ್ನು ಎಣಿಸಿ ಅಳೆಯುವುದು ಬೋಧನೆಗೂ ಮೌಲ್ಯಮಾಪನಕ್ಕೂ ನಡುವೆ ಅನಗತ್ಯ ಬಿರುಕನ್ನು ಉಂಟುಮಾಡುತ್ತದೆ.

ಅಕ್ಷರವೂ ನಿರ್ದೋಷ ಏಕಮಾನವಲ್ಲ ಎಂಬ ಆಕ್ಷೇಪವು ನ್ಯಾಯವಾದುದು. 'ರ' ಮತ್ತು 'ಸ್ತ್ರೀ' ಎರಡನ್ನೂ ಒಂದೊಂದೆಂದೇ ಎಣಿಸುವುದು ಸರಳೀಕರಣ. 'ಊರಿಂದ' ಎಂಬಲ್ಲಿ 'ರಿಂ' ಎಂಬ ಒಂದೇ ಅಕ್ಷರದೊಳಗೆ ಪ್ರಕೃತಿಯ ಕೊನೆಯೂ ಪ್ರತ್ಯಯದ ಮೊದಲೂ ಬೆರೆತಿರುವುದರಿಂದ ಅಕ್ಷರದ ಗಡಿಯು ಆಕೃತಿಮಾದ ಗಡಿಯೊಡನೆ ಹೊಂದುವುದಿಲ್ಲ. ನುರಿತ ಓದುಗರು ಅಕ್ಷರಶಃ ಓದುವುದೂ ಇಲ್ಲ. ಆದರೂ ಸಂಧಿಯಿಂದಾಗಲೀ ಮುದ್ರಣದ ತೆರಪಿನಿಂದಾಗಲೀ ಅಕ್ಷರಸಂಖ್ಯೆ ಮೂರನೆಯ ಒಂದು ಭಾಗದಷ್ಟು ಕುಸಿಯುವುದಿಲ್ಲ. ಕಲಿಕೆಯ ಆರಂಭದ ಹಂತಕ್ಕೆ ಈ ಸ್ಥಿರತೆಯೇ ಮುಖ್ಯ.

ಹಾಗಾಗಿ ಪದಗಳ ಎಣಿಕೆಯನ್ನು ಕೈಬಿಡಬೇಕೆಂದು ಈ ಟಿಪ್ಪಣಿ ಹೇಳುವುದಿಲ್ಲ. ಒಂದೇ ಮಗುವಿಗೆ, ಸಮಾನ ಹೊರೆಯ ಪಠ್ಯಗಳನ್ನು ನೀಡಿ, ಕಾಲಾಂತರದ ಪ್ರಗತಿಯನ್ನು ಕಾಣಲು ಅದು ಉಪಯುಕ್ತ. ಜೊತೆಗೆ ಮೂರು ಸಂಗತಿಗಳು ಅಗತ್ಯ. ಪ್ರತಿ ಪರೀಕ್ಷಾಪಠ್ಯದ ಅಕ್ಷರಸಂಖ್ಯೆ, ಒತ್ತಕ್ಷರಗಳ ಪ್ರಮಾಣ ಮತ್ತು ಪದವಿಭಜನೆಯ ನಿಯಮ ಪ್ರಕಟವಾಗಬೇಕು. ಸರಿಯಾಗಿ ಓದಿದ ಅಕ್ಷರಗಳ ಎಣಿಕೆಯು ಮೂಲಾಕ್ಷರ, ಗುಣಿತಾಕ್ಷರ, ಒತ್ತಕ್ಷರ ಎಂಬ ವಿಂಗಡಣೆಯೊಡನೆ ದಾಖಲಾಗಬೇಕು. ಉಪಭಾಷಾ ಉಚ್ಚಾರಣೆಗಳು ದೋಷವಲ್ಲವೆಂಬ ಸೂಚನೆ ಪರೀಕ್ಷಕರ ಕೈಪಿಡಿಯಲ್ಲಿ ಉದಾಹರಣೆಸಹಿತ ಇರಬೇಕು. ಇವುಗಳಲ್ಲಿ ಯಾವುದಕ್ಕೂ ಹೊಸ ತಂತ್ರಜ್ಞಾನ ಬೇಕಿಲ್ಲ. ಕನ್ನಡದ ಪದರಚನೆ ಮತ್ತು ಲಿಪಿವ್ಯವಸ್ಥೆಯನ್ನು ಬಲ್ಲವರು ಪಠ್ಯ ಸಿದ್ಧಪಡಿಸುವ ಸಮಿತಿಯಲ್ಲಿದ್ದರೆ ಸಾಕು. 45 ಮತ್ತು 30ರ ನಡುವಿನ ಅಂತರವು ಮಗುವಿನದೋ ಪಠ್ಯದ್ದೋ ಎಂದು ಹೇಳಲಾಗದಿರುವವರೆಗೆ, ಆ ಸಂಖ್ಯೆಯ ಆಧಾರದ ಮೇಲೆ ಯಾವ ಏಳು ವರ್ಷದ ಮಗುವನ್ನೂ ಹಿಂದುಳಿದದ್ದೆಂದು ಕರೆಯುವ ಅಧಿಕಾರ ನಮಗಿಲ್ಲ.